ಹೊರ್ತುಸ್, ಅಂದ್ರೆ ನಮ್ಮನ್ನ ಹೊರತು

ಮಾರ್ಚ್ 3, ಸೋಮವಾರ

ಬೇರಣ್ಣ ನನ್ನ ಪೋಸ್ಟ್ ಪಿನ್ ಮಾಡಿದ್ದಾರೆ. ಪಿನ್. ಗ್ರೂಪಲ್ಲಿ ಆರು ಸಾವಿರ ಜನ ಇದ್ದಾರೆ, ಪಿನ್ ಆಗೋದು ವಾರಕ್ಕೆ ಒಂದೇ ಒಂದು. ಇದನ್ನ ಬರೆದಿಡ್ಬೇಕು ಅಂತಾನೇ ಎರಡು ವರ್ಷದಿಂದ ಖಾಲಿ ಬಿದ್ದಿದ್ದ ಈ ಡೈರಿ ಹುಡುಕಿ ತೆಗ್ದೆ.

ದಾಖಲೆಗೆ ಇರ್ಲಿ. ಗ್ರೂಪಿನ ಹೆಸರು ‘ಪದದ ಬೇರು’. ಒಂದು ಪದ ಎಲ್ಲಿಂದ ಬಂತು, ಮೊದಲು ಏನರ್ಥ ಇತ್ತು ಅಂತ ಅಗೆಯೋದು ನಮ್ಮ ಕೆಲಸ. ಬೇರಣ್ಣ ಅಡ್ಮಿನ್. ಅವರ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಮುಖ ಯಾರೂ ನೋಡಿಲ್ಲ, ಆದ್ರೆ ಅವರಿಗೆ ಗೊತ್ತಿಲ್ಲದ ಪದ ಇಲ್ಲ. ಎರಡು ವರ್ಷದಲ್ಲಿ ಅವರು ನಂಗೆ ಹಾಕಿದ್ದು ಮೂರು ಹಾರ್ಟ್. ಮೂರರದ್ದೂ ಸ್ಕ್ರೀನ್‌ಶಾಟ್ ಇದೆ.

ಈ ವಾರದ ಪದ ಹಾರ್ಟಿಕಲ್ಚರ್. ನಾನು ಬರೆದಿದ್ದು ಇಷ್ಟು: ‘ಲ್ಯಾಟಿನ್ನಲ್ಲಿ ಹೊರ್ತುಸ್ ಅಂದ್ರೆ ಬೇಲಿ ಹಾಕಿದ ಜಾಗ, ತೋಟ. ಕುಲ್ತೂರ ಅಂದ್ರೆ ಸಾಗುವಳಿ, ಆರೈಕೆ. ಎರಡೂ ಸೇರಿದ್ರೆ ತೋಟಗಾರಿಕೆ. ಬೇಲಿ ಇಲ್ಲದ ಕಡೆ ನಡೆಯೋದು ತೋಟಗಾರಿಕೆ ಅಲ್ಲ, ಬರೀ ಗಿಡಕ್ಕೆ ನೀರು ಹಾಕೋದು.’

ಕೊನೇ ಸಾಲು ನಂದೇ. ಬಸ್ಸಲ್ಲಿ ನಿಂತಿದ್ದಾಗ ಹೊಳೀತು. ಯಾವ ಪುಸ್ತಕದಲ್ಲೂ ಇಲ್ಲ. ಆದ್ರೆ ಅದಿಲ್ದಿದ್ರೆ ಪೋಸ್ಟು ಸಪ್ಪೆ. ಎಲ್ಲರೂ ಅದನ್ನೇ ಎತ್ತಿ ಎತ್ತಿ ಹಾಕ್ತಿದ್ದಾರೆ. ‘ತಂಪು ನೆರಳು’ ಅನ್ನೋರು ಒಬ್ರು ಒಂಬತ್ತು ಸಲ ಕೈಮುಗಿದಿದ್ದಾರೆ.

ಅಮ್ಮ ಕೆಲಸದಿಂದ ಬರ್ತಿದ್ದ ಹಾಗೇ ಫೋನು ಅವಳ ಮುಖಕ್ಕೆ ಹಿಡಿದೆ. ಬಚ್ಚಲ ಬಾಗಿಲಲ್ಲಿ ಕೂತು ಉಗುರಿನ ಸಂದಿಯಿಂದ ಮಣ್ಣು ತೆಗೀತಿದ್ಲು. “ಕನ್ನಡಕ ಎಲ್ಲಿಟ್ನೋ ಏನೋ, ಆಮೇಲೆ ನೋಡ್ತೀನಿ” ಅಂದ್ಲು. ಆಮೇಲೆ ನೋಡ್ಲಿಲ್ಲ. ನಾನು ಒಲಿಂಪಿಕ್ಸಲ್ಲಿ ಚಿನ್ನ ಗೆದ್ದು ಬಂದ್ರೂ ಇವಳು ಮೊದಲು ಕಾಲು ತೊಳ್ಕೊಂಡು ಬಾ ಅಂತಾಳೆ.

ಮಾರ್ಚ್ 6, ಗುರುವಾರ

ಕಳ್ಳರು. ಹಗಲು ಕಳ್ಳರು.

ಅಮ್ಮನ ಆಫೀಸಿನವರು ಒಂದು ಸುತ್ತೋಲೆ ಹೊರಡಿಸಿದ್ದಾರೆ. ಅಮ್ಮ ಇರೋದು ನಗರದ ಪಾರ್ಕ್ ಆಫೀಸಲ್ಲಿ, ಹನ್ನೊಂದು ವರ್ಷದಿಂದ. ಅದರ ಫೋಟೋ ಅವಳ ಫೋನಿಗೆ ಬಂದಿತ್ತು. “ಇದೇನಂತ ನೋಡು ಸ್ವಲ್ಪ” ಅಂತ ಕೊಟ್ಲು. ನೋಡಿದ್ರೆ ಎರಡನೇ ಪ್ಯಾರಾದಲ್ಲಿ ನನ್ನ ಸಾಲು ಕೂತಿದೆ. ‘ತೋಟಗಾರಿಕೆ (ಹೊರ್ತುಸ್) ಎಂಬ ಪದದ ಮೂಲಾರ್ಥವೇ ಬೇಲಿ ಹಾಕಿದ ಜಾಗದ ಆರೈಕೆ. ಬೇಲಿ ಇಲ್ಲದ ಕಡೆ ನಡೆಯುವುದು ತೋಟಗಾರಿಕೆ ಅಲ್ಲ, ಕೇವಲ ಗಿಡಕ್ಕೆ ನೀರು ಹಾಕುವುದು.’ ನನ್ನ ‘ಬರೀ’ ತೆಗ್ದು ‘ಕೇವಲ’ ಹಾಕಿದ್ದಾರೆ. ಕದ್ದಿದ್ದಲ್ದೆ ತಿದ್ದಿದ್ದಾರೆ. ಕೃಪೆ ಅಂತ ಒಂದು ಮಾತಿಲ್ಲ, ಗ್ರೂಪಿನ ಹೆಸರಿಲ್ಲ.

ತಕ್ಷಣ ಗ್ರೂಪಲ್ಲಿ ಹಾಕಿದೆ, ಸರ್ಕಾರಿ ಮಟ್ಟದ ಕೃತಿಚೌರ್ಯ ಅಂತ. ಇನ್ನೂರ ಹತ್ತು ಸಿಟ್ಟಿನ ಮುಖ ಬಂತು. ಒಬ್ಬ ಕೇಸ್ ಹಾಕು ಅಂದ. ಒಬ್ಬಳು ಪಾರ್ಟಿ ಕೊಡು ಅಂದ್ಲು.

“ಏನಂತೆ ಅದು” ಅಂತ ಅಮ್ಮ ಎರಡು ಸಲ ಕೇಳಿದ್ಲು. ಏನೋ ಆಫೀಸಿಂದು ಅಂದೆ. ಉಳಿದಿದ್ದು ಓದೋ ತಾಳ್ಮೆ ಇರ್ಲಿಲ್ಲ.

ಮಾರ್ಚ್ 7, ಶುಕ್ರವಾರ

ಸಂಜೆ ಪೈಪಣ್ಣ ಬಂದಿದ್ರು. ಅಮ್ಮನ ಜೊತೆ ಕೆಲಸ ಮಾಡೋರು. ಟ್ಯಾಂಕರ್ ಪೈಪು ಹಿಡಿಯೋದು ಅವರೇ, ಹಾಗಾಗಿ ಪೈಪಣ್ಣ. ಬಾಗಿಲಲ್ಲೇ ನಿಂತು, “ಮೇಡಮ್ಮೋರು ಮನೇಲಿದ್ದಾರಾ? ಒಂದು ಕಾಗದ ಓದಿಸ್ಬೇಕಿತ್ತು” ಅಂದ್ರು. ಮೇಡಮ್ಮೋರು ಅಂದ್ರೆ ನಾನು. ಅದೇ ಸುತ್ತೋಲೆ. ಪೂರ್ತಿ ಓದು, ಒಂದಕ್ಷರ ಬಿಡಬೇಡ ಅಂದ್ರು.

ಓದಿದೆ.

ಏಪ್ರಿಲ್ ಒಂದರಿಂದ ಬೇಲಿಯ ಒಳಗೆ ಕೆಲಸ ಮಾಡೋರು ಮಾತ್ರ ತೋಟಗಾರಿಕೆ ಸಿಬ್ಬಂದಿ. ಬೇಲಿಯ ಹೊರಗಿನೋರು, ಅಂದ್ರೆ ಸರ್ಕಲ್ಲು, ಡಿವೈಡರ್ರು, ರಸ್ತೆ ಬದಿ ನೋಡ್ಕೊಳ್ಳೋರು, ಸ್ವಚ್ಛತಾ ಸಿಬ್ಬಂದಿ. ಸ್ವಚ್ಛತೆ ಪೂರಾ ಗುತ್ತಿಗೆದಾರನಿಗೆ. ಗುತ್ತಿಗೆದಾರ ನಲವತ್ತೈದು ದಾಟಿದವರನ್ನ ತಗೊಳ್ಳೋ ಹಾಗಿಲ್ಲ. ಕೆಳಗೆ ಐದು ಹೆಸರಿತ್ತು. ಮೊದಲನೇದು ಪೈಪಣ್ಣಂದು, ಮೂರನೇದು ಅಮ್ಮಂದು. ಅಮ್ಮಂಗೆ ನಲವತ್ತೆಂಟು.

ಅಮ್ಮ ಒಲೆ ಆರಿಸಿ ಬಂದ್ಲು.

“ಅದೇನದು ಮಧ್ಯದಲ್ಲಿ, ಹೊರ್ತು ಏನೋ” ಅಂದ್ರು ಪೈಪಣ್ಣ.

“ಹೊರ್ತುಸ್. ಲ್ಯಾಟಿನ್ ಪದ.”

“ಓ. ನಮ್ಮನ್ನ ಹೊರತು ಉಳಿದೋರೆಲ್ಲ ತೋಟದೋರು ಅಂತ. ಸರಿಯಾಗೇ ಇದೆ ಬಿಡು ಲ್ಯಾಟಿನ್ನು.”

ಅಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಯಾರ ತಲೇಲಿ ಹುಟ್ಟಿದ್ದು ಇದು? ಕೂತ್ಕೊಂಡು ಬರ್ದಿರ್ತಾರಲ್ಲ, ಒಂದು ಸಲನಾದ್ರೂ ಗುದ್ದಲಿ ಹಿಡಿದಿದ್ದಾರಾ ಆ ಪುಣ್ಯಾತ್ಮರು” ಅಂದ್ಲು.

ನಾನೇ ಬರ್ದಿದ್ದು ಅಂತ ಹೇಳೋ ಸಂದರ್ಭ ಅಲ್ಲ ಅದು. ಅಲ್ದೆ ನಾನು ಬರ್ದಿದ್ದು ಪದದ ಬಗ್ಗೆ. ಕೆಲಸದಿಂದ ತೆಗೀರಿ ಅಂತ ನಾನೆಲ್ಲಿ ಬರ್ದೆ? ಪದದ ಅರ್ಥ ಹಿಡ್ಕೊಂಡು ಜನರನ್ನ ಎರಡು ಭಾಗ ಮಾಡಿದ್ದು ಆ ಇಸ್ತ್ರಿ. ಇಸ್ತ್ರಿ ಅಂದ್ರೆ ಇವರ ಸಾಹೇಬ. ಅಂಗಿಯ ಗೆರೆ ಮುರಿಯುತ್ತೆ ಅಂತ ಬಗ್ಗೋದೇ ಇಲ್ವಂತೆ, ಕೆಳಗೆ ಬಿದ್ದ ಪೆನ್ನೂ ಬೇರೆಯೋರೇ ಎತ್ತಿಕೊಡ್ಬೇಕಂತೆ. ಎಲ್ಲಾ ಅವನದ್ದೇ.

ಮಾರ್ಚ್ 10, ಸೋಮವಾರ

ಬೇರಣ್ಣಂಗೆ ಪ್ರೈವೇಟಾಗಿ ಬರ್ದೆ. ಮೊದಲ ಸಲ. ‘ನಮಸ್ತೆ ಬೇರಣ್ಣ, ನಿಮ್ಮ ದೊಡ್ಡ ಫ್ಯಾನು ನಾನು’ ಅಂತ ಶುರು ಮಾಡಿ, ಹೀಗ್ಹೀಗೆ ಆಗಿದೆ, ನೀವೊಂದು ಮಾತು ಬರೆದ್ರೆ ಸಾಕು, ಆಫೀಸಿನವರು ಕೇಳ್ತಾರೆ ಅಂದೆ. ಬೆಳಗ್ಗೆ ಹತ್ತಕ್ಕೆ ನೋಡಿದ್ದಾರೆ. ಉತ್ತರ ಇಲ್ಲ. ಅವರು ತುಂಬ ಬಿಜಿ. ಮಧ್ಯಾಹ್ನ ‘ಕೊಡೆ’ ಪದದ ಬಗ್ಗೆ ಉದ್ದಕ್ಕೆ ಬರ್ದಿದ್ರು, ಅದಕ್ಕೆ ಟೈಮ್ ಹಿಡಿಯುತ್ತೆ.

24ಕ್ಕೆ ಆಫೀಸಲ್ಲಿ ಅಹವಾಲು ಸಭೆ ಇಟ್ಟಿದ್ದಾರೆ. ಐದು ಜನ ಬಂದು ತಮ್ಮ ಮಾತು ಹೇಳ್ಬಹುದಂತೆ. ಹೇಳ್ಬಹುದಂತೆ. ಎಂಥ ಉಪಕಾರ.

ಮಾರ್ಚ್ 12, ಬುಧವಾರ

ಅಮ್ಮನ ಸರ್ಕಲ್ಲಿಗೆ ಹೋಗಿದ್ದೆ, ಫೋಟೋ ತೆಗೆಯೋಕೆ. ಗ್ರೂಪಲ್ಲಿ ಸಾಕ್ಷಿ ಸಮೇತ ಹಾಕ್ಬೇಕು ಅಂತ. ಕಾಲೇಜಿಗೆ ಹೋಗುವಾಗ ಮೂರು ವರ್ಷ ಆ ಸರ್ಕಲ್ಲನ್ನ ದಿನಾ ಸುತ್ತು ಹಾಕಿದ್ದೀನಿ. ಇಳಿದು ಒಳಗೆ ಕಾಲಿಟ್ಟಿದ್ದು ಇವತ್ತೇ.

ಮೊದಲು ಒಳಗೆ ಹೋಗೋದೇ ಒಂದು ಸಾಹಸ. ಬಸ್ಸಿನೋರು ನಿಲ್ಸಲ್ಲ, ಬೈಕಿನೋರು ನಮ್ಮನ್ನ ನೋಡಿ ಇನ್ನೂ ಜೋರು ಮಾಡ್ತಾರೆ. ಅಮ್ಮ ಒಂದು ಕೈಲಿ ಬಕೆಟ್ಟು, ಇನ್ನೊಂದು ಕೈ ಸುಮ್ನೆ ಗಾಳೀಲಿ ಎತ್ಕೊಂಡು ನಡೆದುಬಿಟ್ಲು. ಲಾರಿ ನಿಂತ್ಕೊಳ್ತು. “ಹೆದರಿದ್ರೆ ನಿಲ್ಸಲ್ಲ ಅವು” ಅಂದ್ಲು, ಲಾರಿಗಳು ನಾಯಿಗಳೇನೋ ಅನ್ನೋ ಹಾಗೆ.

ಕಣಗಲೆ, ದಾಸವಾಳ, ಅಂಚಿಗೆ ಚೆಂಡುಹೂ. ಎಲೆ ಮೇಲೆಲ್ಲ ಹೊಗೆ ಕೂತಿರುತ್ತೆ. ಅಮ್ಮ ಅದನ್ನ ಒದ್ದೆ ಬಟ್ಟೇಲಿ ಒರೆಸ್ತಾಳೆ. ಒಂದೊಂದೇ ಎಲೆ. ನಾನು ತಮಾಷೆ ಅಂದ್ಕೊಂಡೆ. “ಉಸಿರು ಕಟ್ಟಿದ್ರೆ ನಿಂಗೂ ಮೂಗು ಒರೆಸ್ಬೇಕಲ್ಲ” ಅಂದ್ಲು. ಪಾತಿ ಬಿಡಿಸುವಾಗ, ಅಂದ್ರೆ ಗಿಡದ ಬುಡದ ಸುತ್ತ ನೀರು ನಿಲ್ಲೋಕೆ ಮಣ್ಣು ತೆಗೆಯುವಾಗ, ಬಾಟಲಿ ಮುಚ್ಚಳ, ಗಾಜು, ಯಾರದೋ ಚಪ್ಪಲಿ ಬಾರು, ಒಂದು ಬೀಗದ ಕೈ ಸಿಕ್ತು. ಗುದ್ದಲಿ ಮಣ್ಣಿಗೆ ತಾಗಿದ ಸದ್ದಲ್ಲೇ ಕೆಳಗೆ ಬೇರಿದೆಯಾ ಕಲ್ಲಿದೆಯಾ ಹೇಳ್ತಾಳೆ. ನಾನು ನಂಬ್ದೆ ಎರಡು ಕಡೆ ತೋಡಿಸಿ ನೋಡ್ದೆ. ಎರಡೂ ಸರಿ.

ಕಾರಿನ ಕಿಟಕಿಯಿಂದ ಒಬ್ಬ ಕಾಫಿ ಲೋಟ ದಾಸವಾಳದ ಮೇಲೆ ಎಸೆದ. ನಾನು ಕೂಗಾಡಿದೆ. ಅಮ್ಮ ಲೋಟ ಎತ್ತಿ ಬಕೆಟ್ಟಿಗೆ ಹಾಕಿ, “ಕೂಗಿದ್ರೆ ನಾಳೆ ಎರಡು ಎಸೀತಾನೆ” ಅಂದ್ಲು. ಈ ಊರಿನವರಿಗೆ ಗಿಡ ಯಾಕೆ ಬೇಕು? ಇವರಿಗೆ ಡಾಂಬರಿನ ಮೇಲೆ ಹಸಿರು ಪೇಂಟ್ ಹೊಡೆದ್ರೆ ಸಾಕು.

ಎಂಟು ಫೋಟೋ ತೆಗ್ದೆ. ಹಾಕ್ಲಿಲ್ಲ. ಕೈಯೆಲ್ಲ ಮಣ್ಣಾಗಿತ್ತು, ಆಮೇಲೆ ಮರ್ತೆ.

ಮಾರ್ಚ್ 15, ಶನಿವಾರ

ಬೇರಣ್ಣನ ಉತ್ತರ ಬಂತು. ಇಲ್ಲಿ ಪೂರ್ತಿ ಇಳಿಸ್ತೀನಿ: ‘ಪದದ ಅರ್ಥ ಪದದ್ದು. ಅದಕ್ಕೆ ಯಾರ್ಯಾರದ್ದೋ ಕೆಲಸ ಗಂಟು ಹಾಕ್ಬೇಡಿ. ಗ್ರೂಪಲ್ಲಿ ರಾಜಕೀಯ ಬೇಡ.’ ಕೊನೇಲಿ ಒಂದು ಹೆಬ್ಬೆರಳು.

ಅವರು ಹೇಳೋದೂ ಒಂದು ರೀತಿ ಸರಿ. ಆರು ಸಾವಿರ ಜನರನ್ನ ಸಂಭಾಳಿಸ್ಬೇಕು.

ಯಾರ್ಯಾರದ್ದೋ ಅಂತೆ.

ಮಾರ್ಚ್ 17, ಸೋಮವಾರ

‘ತಂಪು ನೆರಳು’ ಯಾರು ಅಂತ ಗೊತ್ತಾಯ್ತು. ಪ್ರೊಫೈಲ್ ಫೋಟೋದಲ್ಲಿ ಒಂದು ಕಾರಂಜಿ ಇದೆ. ಅದು ನಮ್ಮ ದೊಡ್ಡ ಪಾರ್ಕಿನ ಕಾರಂಜಿ, ಮೂತಿ ಮುರಿದ ಮೀನಿಂದು. ಅದರ ಮುಂದೆ ಇಸ್ತ್ರಿ ಗೆರೆಯ ಅಂಗಿ ತೋಳು ಅರ್ಧ ಕಾಣುತ್ತೆ. ನನ್ನ ಪೋಸ್ಟಿಗೆ ಒಂಬತ್ತು ಸಲ ಕೈಮುಗಿದವನು ಅವನೇ.

ಸೀದಾ ಆಫೀಸಿಗೆ ಹೋದೆ. ಬೈದು ಬರ್ಬೇಕು ಅಂತಾನೇ ಹೋಗಿದ್ದು. ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡಿದ್ದೆ. ಉದ್ದನೆ ಕೋಣೆ, ಗೋಡೆ ತುಂಬ ಹೂ ಪ್ರದರ್ಶನದ ಫೋಟೋ, ಕಿಟಕೀಲಿ ಗಿಡ ಒಣಗಿ ಕಡ್ಡಿಯಾದ ಒಂದು ಕುಂಡ. ತೋಟದ ಸಾಹೇಬನ ಕಿಟಕೀಲಿ.

“ಸಾರ್, ಆ ಹಾರ್ಟಿಕಲ್ಚರ್ ಪೋಸ್ಟು ನಂದು” ಅಂದೆ.

ಅವನು ಎದ್ದು ನಿಂತ. “ಅಯ್ಯೋ ನೀವಾ ಅದು? ಕೂತ್ಕೊಳ್ಳಿ ಕೂತ್ಕೊಳ್ಳಿ. ಎಷ್ಟು ಚೆನ್ನಾಗಿ ಬರ್ದಿದ್ರಿ. ನಮ್ಗೆ ಎರಡು ವರ್ಷದಿಂದ ಯಾರು ತೋಟದೋರು, ಯಾರು ಅಲ್ಲ ಅಂತ ವಿಂಗಡಿಸೋಕೆ ಆಗ್ತಿರ್ಲಿಲ್ಲ. ನೀವು ಒಂದೇ ಸಾಲಲ್ಲಿ ಮುಗಿಸಿಬಿಟ್ರಿ.”

ನಾನು ಕೂತ್ಕೊಂಡೆ. ಬೈಯೋಕೆ ಬಂದವಳು ಕೂತ್ಕೊಂಡೆ.

“ಆ ಕೊನೇ ಸಾಲು ಯಾವ ನಿಘಂಟಿಂದಮ್ಮ? ಮೇಲಿನೋರು ಕೇಳಿದ್ರೆ ತೋರಿಸ್ಬೇಕು, ಹೆಸರು ಕೊಡಿ.”

ನಂದೇ ಅಂತ ಒಂದು ಪದ ಹೇಳಿದ್ರೆ ಅಲ್ಲೇ ಮುಗೀತಿತ್ತು. “ನೋಡಿ ಹೇಳ್ತೀನಿ ಸಾರ್” ಅಂದೆ. ನಾಲಿಗೆ ಅಷ್ಟೇ ಹೊರಳಿತು. 24ರ ಸಭೆಗೆ ಬನ್ನಿ, ಭಾಷಾ ತಜ್ಞರು ಅಂತ ಕೂರಿಸ್ತೀನಿ ಅಂದ. ಹೊರಗೆ ಬಂದು ಗೇಟಿನ ಹತ್ರ ನಿಂತು ಅವನನ್ನ ಚೆನ್ನಾಗಿ ಬೈದೆ. ಗೇಟಿಗೆ.

ಮಾರ್ಚ್ 19, ಬುಧವಾರ

ಲೈಬ್ರರಿ. ದಪ್ಪ ನಿಘಂಟುಗಳನ್ನ ಮನೆಗೆ ಕೊಡಲ್ಲ, ಅಲ್ಲೇ ಕೂತು ನೋಡ್ಬೇಕು. ಲೈಬ್ರರಿಯಮ್ಮ ನಾಲ್ಕು ತಂದು ಮೇಜಿನ ಮೇಲೆ ಹಾಕಿ, “ಈ ಮೇಜಿಗೆ ಬಂದು ಯಾವ ಕಾಲ ಆಯ್ತು ಪುಸ್ತಕ. ಧೂಳಿಗೆ ಸೀನು ಬಂದ್ರೆ ಆ ಕಡೆ ತಿರುಗಿ ಸೀನು” ಅಂದ್ರು.

ಹೊರ್ತುಸ್ ಅಂದ್ರೆ ಬೇಲಿ ಹಾಕಿದ ಜಾಗ, ಅದು ಸರಿ. ಆದ್ರೆ ಹಾರ್ಟಿಕಲ್ಚರ್ ಅನ್ನೋ ಪದ ನಾನು ಅಂದ್ಕೊಂಡಷ್ಟು ಹಳೇದೇ ಅಲ್ಲ. ಇಂಗ್ಲಿಷಿನೋರು ಹದಿನೇಳನೇ ಶತಮಾನದಲ್ಲಿ, ಹೊಲದ ಕೆಲಸಕ್ಕೆ ಅಗ್ರಿಕಲ್ಚರ್ ಅಂತಿದೆಯಲ್ಲ, ಅದರ ಅಚ್ಚಲ್ಲೇ ತೋಟಕ್ಕೂ ಒಂದಿರ್ಲಿ ಅಂತ ಕಟ್ಕೊಂಡಿದ್ದು. ಜನ ಗಿಡ ನೆಡೋಕೆ ಶುರು ಮಾಡಿ ಎಷ್ಟೋ ಸಾವಿರ ವರ್ಷ ಆದ್ಮೇಲೆ. ಮೊದಲು ನೆಟ್ಟೋರಿಗೆ ಹೊರ್ತುಸ್ಸೂ ಗೊತ್ತಿಲ್ಲ, ಏನೂ ಗೊತ್ತಿಲ್ಲ. ತಿಂದು ಎಸೆದ ಬೀಜ ಮನೆ ಹಿಂದಿನ ಕಸದ ಗುಡ್ಡೇಲಿ ಮೊಳೆತಿರ್ಬೇಕು, ಯಾರೋ ಒಬ್ಬಳು ನೋಡಿ ಮಣ್ಣು ಸರಿಸಿರ್ಬೇಕು. ಇದು ನಿಘಂಟಲ್ಲಿಲ್ಲ, ನನ್ನ ಊಹೆ. ಊಹೆ ಅಂತ ಬರ್ದಿದ್ದೀನಿ, ನೋಡ್ಕೊಳ್ಳಿ.

ಆಮೇಲೆ ನಮ್ಮ ‘ತೋಟ’ ತೆಗ್ದೆ. ಎರಡು ವರ್ಷ ಲ್ಯಾಟಿನ್ ಅಗೆದಿದ್ದೀನಿ, ಇದನ್ನ ಒಂದು ಸಲ ತೆಗೆದಿರ್ಲಿಲ್ಲ. ‘ತೋಡು’ ಅನ್ನೋದರ ಜೊತೆ ಇಟ್ಟಿದ್ದಾರೆ. ಬೇಲಿ ಮಾತೇ ಇಲ್ಲ. ತೋಡಿದ್ದು ತೋಟ. ತೋಡಿದ್ರೆ ತೋಟ.

“ಏನಮ್ಮ, ಸತ್ತೋರ ಸುದ್ದಿ ಬಂದ ಹಾಗೆ ಕೂತಿದ್ದೀಯ” ಅಂದ್ರು ಲೈಬ್ರರಿಯಮ್ಮ.

‘ಬರೀ ಗಿಡಕ್ಕೆ ನೀರು ಹಾಕೋದು’ ನಾಲ್ಕರಲ್ಲೂ ಹುಡುಕಿದೆ. ಇರಲ್ಲ ಅಂತ ಗೊತ್ತಿದ್ದೂ ಹುಡುಕಿದೆ.

ಮಾರ್ಚ್ 20, ಗುರುವಾರ

ಬೆಳಗ್ಗೆ ಅಮ್ಮನ ಜೊತೆ ಹೋದೆ. ಪೈಪು ಹಿಡಿದೆ. ಹೇಳ್ಬೇಕು ಅಂತಾನೇ ಹೋಗಿದ್ದೆ. ಹೇಳ್ಲಿಲ್ಲ.

ಮಾರ್ಚ್ 21, ಶುಕ್ರವಾರ

ಇವತ್ತೂ.

ಮಾರ್ಚ್ 24, ಸೋಮವಾರ

ಎಲ್ಲಾ ಬರೀತೀನಿ, ನೆನಪಿರೋವಾಗಲೇ.

ಮೇಜಿನ ಆ ಕಡೆ ಅಧ್ಯಕ್ಷೆ ಮೇಡಂ, ಅಂದ್ರೆ ಇಸ್ತ್ರಿಗೂ ಮೇಲಿನೋರು, ಪಕ್ಕದಲ್ಲಿ ಇಸ್ತ್ರಿ. ಈ ಕಡೆ ಐದು ಜನ, ಎಲ್ಲರೂ ತಲೆಗೆ ನೀರು ಹಚ್ಚಿ ಬಾಚ್ಕೊಂಡು, ಶಾಲೆ ಮಕ್ಕಳ ಹಾಗೆ. ನಂಗೆ ಇಸ್ತ್ರಿ ಮೇಜಿನ ಆ ಕಡೆ ಕುರ್ಚಿ ಇಡಿಸಿದ್ದ. ಆ ಕಡೆ. ಅಮ್ಮ ಆ ಕುರ್ಚಿ ನೋಡಿದ್ಲು, ನನ್ನ ಮುಖ ನೋಡಿದ್ಲು. ನಾನು ಗೋಡೆಗೆ ಒರಗಿ ನಿಂತೆ.

ಇಸ್ತ್ರಿ ಸುತ್ತೋಲೆ ಓದಿದ. ಓದಿ ಮುಗಿಸಿ ಪ್ರಶಸ್ತಿ ಬಂದೋನ ಹಾಗೆ ಸುತ್ತ ನೋಡಿದ. ನಿಮ್ಮಲ್ಲಿ ಯಾರು ಮಾತಾಡ್ತೀರಿ ಅಂದ್ರು ಮೇಡಂ. ಪೈಪಣ್ಣ ಅಮ್ಮನ ಮೊಣಕೈ ತಿವಿದ್ರು.

ಅಮ್ಮ ಎದ್ದಳು. “ಮೇಡಂ, ನಂಗೆ ಲ್ಯಾಟಿನ್ ಬರಲ್ಲ. ಒಂದು ಡೌಟು. ಒಳಗೆ ಏನೂ ಇಲ್ದಿದ್ರೆ ಬೇಲಿ ಯಾಕೆ ಹಾಕ್ತಾರೆ? ಗಿಡ ಬಂದ್ಮೇಲೆ ತಾನೇ ದನ ಬರೋದು. ದನ ಬಂದ್ಮೇಲೆ ತಾನೇ ಬೇಲಿ. ಮೊದಲು ಬಂದೋರನ್ನ ಬಿಟ್ಟು ಆಮೇಲೆ ಬಂದದ್ದಕ್ಕೆ ಲೆಕ್ಕ ಹಿಡಿದ್ರೆ ಹೇಗೆ?”

“ಏನಮ್ಮ, ನಿಘಂಟಿಗಿಂತ ನಿಂಗೆ ಜಾಸ್ತಿ ಗೊತ್ತಾ” ಅಂದ ಇಸ್ತ್ರಿ. “ತಜ್ಞರು ಬರ್ದಿದ್ದಾರೆ. ತಜ್ಞರೇ ಇಲ್ಲಿದ್ದಾರೆ” ಅಂತ ನನ್ನ ಕಡೆ ಕೈ ತೋರಿಸ್ದ.

ಅಮ್ಮ ತಿರುಗಿದ್ಲು. ಅವಳ ಜೊತೆ ಇನ್ನೂ ನಾಲ್ಕು ತಲೆ ತಿರುಗಿದ್ವು.

ಗೋಡೆ ಬಿಟ್ಟು ಮುಂದೆ ಬಂದೆ. “ಆ ಕೊನೇ ಸಾಲು ಯಾವ ನಿಘಂಟಲ್ಲೂ ಇಲ್ಲ ಮೇಡಂ. ನಾನು ಬಸ್ಸಲ್ಲಿ ಬರ್ದಿದ್ದು. ಓದೋಕೆ ಚೆನ್ನಾಗಿರ್ಲಿ ಅಂತ.”

“ಚೆನ್ನಾಗಿರ್ಲಿ ಅಂತ” ಅಂದ್ರು ಮೇಡಂ.

“ಹೂಂ. ನಮ್ಮ ತೋಟ ಅನ್ನೋ ಪದಕ್ಕೆ ಬೇಲಿ ಸಂಬಂಧಾನೇ ಇಲ್ಲ. ಅದು ತೋಡು ಅನ್ನೋದರಿಂದ. ಮಣ್ಣು ತೋಡೋರೇ ತೋಟದೋರು. ಲೈಬ್ರರೀಲಿ ನೋಡಿ ಬರ್ಕೊಂಡಿದ್ದೀನಿ, ಪುಟದ ನಂಬರೂ ಇದೆ.”

“ತೋಡೋರೆಲ್ಲ ತೋಟದೋರು ಅಂದ್ರೆ ನಲ್ಲಿ ಪೈಪಿಗೆ ರಸ್ತೆ ಅಗೆಯೋರೂ ತೋಟಗಾರರೇ” ಅಂದ ಇಸ್ತ್ರಿ. ಮೇಡಮ್ಮಿಗೂ ನಗು ಬಂತು. ನಂಗೆ ಮೈ ಉರೀತು. ಪದ ಹಿಡ್ಕೊಂಡು ಹೋದ್ರೆ ಅಷ್ಟೇ, ಅವನೂ ಒಂದು ತುದಿ ಹಿಡ್ಕೊಳ್ತಾನೆ.

ಮೇಡಂ ಕನ್ನಡಕ ತೆಗ್ದು ಕಣ್ಣು ಉಜ್ಕೊಂಡ್ರು. “ಸುತ್ತೋಲೆ ಮೇಲಕ್ಕೆ ಹೋಗಿ ಸಹಿ ಆಗಿ ಬಂದಿದೆ, ಈಗ ವಾಪಸ್ ತಗೊಂಡ್ರೆ ನನ್ನ ಮುಖ ಉಳಿಯಲ್ಲ. ಈಗೇನು, ಬೇಲಿ ಇದ್ರೆ ತೋಟ ತಾನೇ?”

“ಹೌದು ಮೇಡಂ” ಅಂದ ಇಸ್ತ್ರಿ.

“ಹಾಗಾದ್ರೆ ಆ ಸರ್ಕಲ್ಲಿಗೂ ಡಿವೈಡರಿಗೂ ಬೇಲಿ ಹಾಕಿಸ್ಬಿಡಿ. ಹದಿನೈದು ದಿನದೊಳಗೆ. ಅಲ್ಲೀವರೆಗೂ ಇವರು ಇದ್ದ ಹಾಗೇ ಇರ್ಲಿ. ಬೇಲಿ ನಿಂತ್ರೆ ಇವರು ತೋಟಗಾರಿಕೆ. ನಿಲ್ದಿದ್ರೆ ನಾನೇನೂ ಮಾಡೋಕಾಗಲ್ಲ.”

“ಬೇಲಿ ಹಾಕೋಕೆ ಆಳಿಲ್ಲ ಮೇಡಂ. ಕಂಬ, ತಂತಿ ಗೋಡೌನಲ್ಲಿದೆ.”

“ಆಳು ಯಾಕೆ? ಇವರೇ ಹಾಕ್ಕೊಳ್ಳಲಿ.”

ಮುಗೀತು. ನಡುರಸ್ತೆಯ ಸರ್ಕಲ್ಲಿಗೆ ಬೇಲಿ. ಅಲ್ಲಿಗೆ ಯಾವ ದನ ಬರುತ್ತೆ? ಬಸ್ಸು ಬಂದು ಮೇಯುತ್ತಾ? ಒಬ್ಬರಿಗೆ ತಪ್ಪಾಯ್ತು ಅಂತ ಹೇಳೋಕೆ ಆಗಲ್ಲ ಅಂತ ಊರಿಗೆಲ್ಲ ತಂತಿ ಸುತ್ತಿಸ್ತಾರೆ. ಸಹಿ ಅಂತೆ, ಮುಖ ಅಂತೆ.

ಮೆಟ್ಟಿಲಲ್ಲಿ ಪೈಪಣ್ಣ ನನ್ನ ಹತ್ರ ಬಂದು, “ನೀನಾ ಅದು ಪುಣ್ಯಾತ್ಮೆ” ಅಂದ್ರು. ಮೇಡಮ್ಮೋರೇ ಅನ್ಲಿಲ್ಲ. ಅಮ್ಮ ಮುಂದೆ ನಡ್ಕೊಂಡು ಹೋಗಿದ್ಲು. ಬಸ್ಸಲ್ಲಿ ಅವಳ ಪಕ್ಕ ಸೀಟ್ ಖಾಲಿ ಇತ್ತು. ಚೀಲ ಇಟ್ಕೊಂಡ್ಲು.

ಮಾರ್ಚ್ 25, ಮಂಗಳವಾರ

ಮಾತಿಲ್ಲ. ತಟ್ಟೆ ಇಡ್ತಾಳೆ, ಬಡಿಸ್ತಾಳೆ, ಒಳಗೆ ಹೋಗ್ತಾಳೆ. ಬೈದ್ರಾದ್ರೂ ಬೈಸ್ಕೊಳ್ಬಹುದು. ನಾನೇನು ಬೇಕಂತ ಮಾಡಿದ್ನಾ? ಬಾಯಿಬಿಟ್ಟು ಒಪ್ಕೊಂಡಿದ್ದು ಯಾರು? ಅಷ್ಟು ಜನರ ಮುಂದೆ? ಅದು ಲೆಕ್ಕಕ್ಕೇ ಇಲ್ಲ.

ಮಾರ್ಚ್ 28, ಶುಕ್ರವಾರ

ಕಂಬ ಕಳ್ಸಿದ್ದಾರೆ. ತುಕ್ಕು ಹಿಡಿದಿದ್ದು, ಅರ್ಧ ಸೊಟ್ಟ. ನಲವತ್ತೆರಡು. ಎಲ್ಲೋ ಕಿತ್ತು ಬಿಸಾಕಿದ ಬೇಲೀದು ಅಂತ ನೋಡಿದ್ರೇ ಗೊತ್ತಾಗುತ್ತೆ. ಅಮ್ಮ, ಪೈಪಣ್ಣ, ಉಳಿದ ಮೂವರು ಬೆಳಗ್ಗೆ ಗಿಡದ ಕೆಲಸ ಮುಗಿಸಿ ಮಧ್ಯಾಹ್ನದ ಬಿಸಿಲಲ್ಲಿ ಅದನ್ನ ಸುತ್ತಿಗೇಲಿ ಬಡಿದು ನೇರ ಮಾಡ್ತಿದ್ದಾರೆ. ಇಸ್ತ್ರಿ ಜೀಪಲ್ಲಿ ಬಂದು ಕಿಟಕಿ ಇಳಿಸಿ ನೋಡಿ ಹೋದನಂತೆ. ಇದನ್ನೂ ನಾನು ಕೇಳಿದ್ದು ಪೈಪಣ್ಣನ ಹೆಂಡತಿಯಿಂದ.

ಫೋನಲ್ಲಿ ಜಾಗ ಇರ್ಲಿಲ್ಲ. ಗ್ರೂಪ್ ಅಳಿಸಿದೆ. ಸರ್ಕಲ್ಲಿನ ಎಂಟು ಫೋಟೋ ಇವೆ, ಅವು ಇರ್ಲಿ.

ಏಪ್ರಿಲ್ 2, ಬುಧವಾರ

ಒಂಬತ್ತು ದಿನ ಆದ್ಮೇಲೆ ಅಮ್ಮ ಮಾತಾಡಿದ್ಲು. ನಾನು ಪಾತ್ರೆ ಒರೆಸ್ತಿದ್ದೆ. ಹಿಂದೆ ಬಂದು ನಿಂತು, “ಬರ್ದಿದ್ದನ್ನ ನಂಗೆ ಒಂದು ಸಲ ಓದಿ ಹೇಳ್ಬಹುದಿತ್ತಲ್ಲ” ಅಂದ್ಲು.

“ತೋರಿಸ್ದೆ. ನೀನು ಕನ್ನಡಕ ಇಲ್ಲ ಅಂದೆ.”

“ಕನ್ನಡಕ ಇಲ್ಲ ಅಂದೆ. ಕಿವಿ ಇರ್ಲಿಲ್ವಾ?”

ನಾನು ಮುಂದಿನ ಪಾತ್ರೆ ಎತ್ಕೊಂಡೆ.

“ಆವತ್ತೇ ಓದಿದ್ರೆ ನಾನು ಆವತ್ತೇ ಹೇಳ್ತಿದ್ದೆ, ಈ ಕೊನೇ ಸಾಲು ಸುಳ್ಳು ಕಣೇ ಅಂತ. ಆರು ಸಾವಿರ ಜನರನ್ನ ಕೇಳ್ದೆ. ಮನೇಲಿ ಇದ್ದ ಒಬ್ಬಳನ್ನ ಕೇಳ್ಲಿಲ್ಲ.” ನನ್ನ ಕೈಯಿಂದ ಬಟ್ಟೆ ತಗೊಂಡು, ನಾನು ಒರೆಸಿಟ್ಟ ಪಾತ್ರೇನ ಮತ್ತೆ ಒರೆಸಿದ್ಲು. “ಇನ್ನು ಐದು ದಿನಾನೇ ಇರೋದು. ಪೈಪಣ್ಣಂಗೆ ಬೆನ್ನು ಹಿಡ್ಕೊಂಡಿದೆ. ಬೇಲಿ ಬೇಕು ಅಂದವಳು ನೀನು. ಗುಂಡಿ ನೀನೇ ತೋಡು. ಬೆಳಗ್ಗೆ ಆರಕ್ಕೆ.”

ಏಪ್ರಿಲ್ 3, ಗುರುವಾರ

ಅಕ್ಷರ ಸೊಟ್ಟ ಬರುತ್ತೆ, ಬೊಬ್ಬೆ ಎದ್ದಿದೆ.

ಹಾರೆ ಎಷ್ಟು ಭಾರ ಅಂತ ಯಾವ ನಿಘಂಟಲ್ಲೂ ಬರ್ದಿಲ್ಲ. ಆ ಸರ್ಕಲ್ಲಿನ ಕೆಳಗೆ ಹಳೇ ರಸ್ತೆ ಇದೆ, ಅದರ ಕೆಳಗೆ ಇನ್ನೂ ಹಳೇ ರಸ್ತೆ ಇದೆ. ಇವರು ರಸ್ತೆ ಕಿತ್ತು ಸರ್ಕಲ್ ಮಾಡಿಲ್ಲ, ಮೇಲೆ ನಾಲ್ಕು ಬುಟ್ಟಿ ಮಣ್ಣು ಸುರಿದು ಹೋಗಿದ್ದಾರೆ. ಅಂಥ ಜಾಗದಲ್ಲಿ ಅಮ್ಮ ಹನ್ನೊಂದು ವರ್ಷದಿಂದ ದಾಸವಾಳ ಬೆಳೆಸಿದ್ದಾಳೆ. ಇದನ್ನ ಸುತ್ತೋಲೇಲಿ ಯಾರೂ ಬರೀಲಿಲ್ಲ.

ಒಂದು ಗುಂಡಿ ಒಂದೂವರೆ ಅಡಿ ಆಗ್ಬೇಕು. ನನ್ನ ಮೊದಲನೇದಕ್ಕೆ ಒಂದು ಗಂಟೆ ಹಿಡೀತು. ಪೈಪಣ್ಣ ಬೆನ್ನಿಗೆ ಕೈ ಕೊಟ್ಕೊಂಡು ಕಟ್ಟೆ ಮೇಲೆ ಕೂತು, “ಮೇಡಮ್ಮೋರೇ, ಅದು ಗುಂಡೀನಾ, ಇರುವೆಗೆ ಬಚ್ಚಲಾ” ಅಂದ್ರು. ಹಾರೇನ ಎತ್ತಿ ಕುಟ್ಬೇಡ, ಎತ್ತಿ ಬಿಡು, ಅದರ ಭಾರಕ್ಕೆ ಅದೇ ಇಳಿಯುತ್ತೆ ಅಂತ ಅಮ್ಮ ಹೇಳಿಕೊಟ್ಟಳು. ಐದನೇದರ ಹೊತ್ತಿಗೆ ಸದ್ದು ಬೇರೆ ಆಯ್ತು. “ಕಲ್ಲು, ಸ್ವಲ್ಪ ಈ ಕಡೆ” ಅಂದೆ. ಅಮ್ಮ ತಲೆ ಎತ್ತಿ ನೋಡಿದ್ಲು, ಮತ್ತೆ ತನ್ನ ಕೆಲಸಕ್ಕೆ ಬಗ್ಗಿದ್ಲು.

ಹತ್ತು ಗಂಟೆಗೆ ಇಸ್ತ್ರಿ ಜೀಪು ನಿಲ್ಸಿದ. “ಬೇಲಿ ಇನ್ನೂ ಎದ್ದಿಲ್ವಾ? ಬೇಗ ಬೇಗ ಆಗ್ಲಿ” ಅಂದ. ಒಬ್ಬ ಮನುಷ್ಯ ಕಂಬ ಹಿಡ್ಕೊಂಡು ನಿಂತಿರ್ತಾನೆ, ಒಬ್ಬಳು ಮಣ್ಣಲ್ಲಿ ಮೊಣಕೈವರೆಗೂ ಇರ್ತಾಳೆ, ಇವನು ಕಿಟಕಿ ಇಳಿಸಿ ಬೇಗ ಅಂತಾನೆ. ಬೆಳಗ್ಗೆ ಇಡೀ ದಿನಕ್ಕಾಗೋಷ್ಟು ಸಿಟ್ಟು ಇಟ್ಕೊಂಡು ಬಂದಿದ್ದೆ, ಆದ್ರೆ ಆ ಗುಂಡೀಲಿ ಒಂದು ಬೇರು ಅಡ್ಡ ಬಂದಿತ್ತು. ಕಣಗಲೇದು. ಕಡಿಯದ ಹಾಗೆ ಪಕ್ಕಕ್ಕೆ ಸರಿಸೋದ್ರಲ್ಲಿ ಅವನು ಯಾವಾಗ ಹೋದ ಗೊತ್ತಾಗ್ಲಿಲ್ಲ.

ಇವತ್ತಿಗೆ ಹನ್ನೊಂದು ಗುಂಡಿ ಆಯ್ತು. ಇನ್ನೂ ಮೂವತ್ತೊಂದಿದೆ, ನಾಲ್ಕು ದಿನ. ಅಮ್ಮ ಎಲ್ಲದಕ್ಕೂ ಕೋಲು ಇಳಿಸಿ ಅಳೆದ್ಲು. ಹತ್ತು ಪಾಸು. ಏಳನೇದು ವಾರೆ ಇದೆ, ಗಾಳಿ ಬಂದ್ರೆ ಕಂಬ ನಿಲ್ಲಲ್ಲ ಅಂದ್ಲು. ನಂಗೆ ಹಾಗೇನೂ ಕಾಣ್ಲಿಲ್ಲ, ವಾದ ಮಾಡಿದೆ. ಆಮೇಲೆ ಹೊಟ್ಟೆ ಮೇಲೆ ಮಲಗಿ ಒಂದು ಕಣ್ಣು ಮುಚ್ಚಿ ನೋಡಿದೆ.

ವಾರೆ ಇದೆ. ನಾಳೆ ಹೋದ ತಕ್ಷಣ ಅದನ್ನ ಮೊದಲು ಸರಿ ಮಾಡ್ಬೇಕು.